ಒಂದು ಕಾಳಿಗೆ ಏನಾಗುತ್ತೆ

ಅಕ್ಸಾಗೆ ಎರಡು ವರ್ಷ ತುಂಬಿದ ವಾರವೇ ಸಂಕ್ರಾಂತಿ ಬಂದಿತ್ತು. ಎರಡು ಸಾವಿರದ ಇಸವಿ. ತಿಪಟೂರಿನಲ್ಲಿ ರಜಿಯಾ ಬೇಗಂ ಬಾಡಿಗೆಗಿದ್ದ ಮನೆ ಅದರ ಮಾಲೀಕರಾದ ನಂಜುಂಡಪ್ಪನವರ ಮನೆಯ ಹಿಂಭಾಗಕ್ಕೆ ಅಂಟಿಕೊಂಡೇ ಇತ್ತು. ನಡುವೆ ಇದ್ದದ್ದು ಒಂದು ಒಗೆಯುವ ಕಲ್ಲು, ಒಂದು ನಲ್ಲಿ. ನಂಜುಂಡಪ್ಪನವರಿಗೆ ಬಿಳಿಗೆರೆಯಲ್ಲಿ ತೋಟ. ಅವರ ಹೆಂಡತಿ ರಾಮಲಕ್ಷ್ಮಮ್ಮ ಹಬ್ಬಕ್ಕೆ ಹದಿನೈದು ದಿನ ಮೊದಲೇ ಜಗುಲಿಯಲ್ಲಿ ಕೂತು ಅಡಕತ್ತರಿಯಿಂದ ಕೊಬ್ಬರಿಯನ್ನು ಸಣ್ಣಗೆ ಕತ್ತರಿಸಿ, ಬೆಲ್ಲ ಚೂರು ಮಾಡಿ, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಹಾರಿಸಿ, ಹುರಿಗಡಲೆ ಮತ್ತು ಬಿಳಿ ಎಳ್ಳು ಬೆರೆಸಿ ಡಬ್ಬ ತುಂಬುತ್ತಿದ್ದರು. ಮೊದಲ ಬಟ್ಟಲು ದೇವರಿಗೆ, ಎರಡನೆಯದು ರಜಿಯಾಳ ಮನೆಗೆ. ರಜಿಯಾ ಮದುವೆಯಾಗಿ ಬಂದ ವರ್ಷದಿಂದ ಅದು ಹಾಗೇ ನಡೆದಿತ್ತು. ಅಕ್ಸಾ ಹುಟ್ಟುವಾಗ ಆಸ್ಪತ್ರೆಯ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ಕೂತಿದ್ದವರೂ ರಾಮಲಕ್ಷ್ಮಮ್ಮನೇ.

ಆ ಸಲ ಅವರು ಮಗುವಿಗೆಂದೇ ಒಂದು ಹಿಡಿ ಎಳ್ಳು ಬೆಲ್ಲವನ್ನು ಕುಟ್ಟಿ ಪುಡಿ ಮಾಡಿ ತಂದಿದ್ದರು. ತೊಡೆಯ ಮೇಲೆ ಕೂರಿಸಿಕೊಂಡು ಬೆರಳ ತುದಿಯಲ್ಲಿ ತಿನ್ನಿಸಿದರು. ಹತ್ತು ನಿಮಿಷಕ್ಕೆ ಮಗುವಿನ ತುಟಿ ಊದಿತು. ಕೆನ್ನೆ, ಕುತ್ತಿಗೆ, ಹೊಟ್ಟೆಯ ಮೇಲೆಲ್ಲ ಕೆಂಪು ದದ್ದುಗಳೆದ್ದು ಒಂದಕ್ಕೊಂದು ಕೂಡಿಕೊಂಡವು. ಆಮೇಲೆ ವಾಂತಿ.

"ಪಿತ್ತದ ಗಂಧೆ ಕಣವ್ವ, ಹೆದರ್ಕಬ್ಯಾಡ," ಎಂದು ರಾಮಲಕ್ಷ್ಮಮ್ಮ ಕರಿ ಕಂಬಳಿ ತಂದು ಮಗುವಿನ ಮೈಗೆ ಉಜ್ಜಿದರು. ಸಂಜೆಯ ಹೊತ್ತಿಗೆ ದದ್ದು ಇಳಿಯಿತು. ಕಂಬಳಿಗೆ ಹೆಸರು ಬಂತು. ರಜಿಯಾಳೂ ಅಷ್ಟಕ್ಕೇ ಸುಮ್ಮನಾದಳು. ಮಕ್ಕಳಿಗೆ ಒಂದಲ್ಲ ಒಂದು ಬರುತ್ತಲೇ ಇರುತ್ತದೆ.

ಎರಡನೆಯ ಸಲ ಆದದ್ದು ಬೇಸಿಗೆಯಲ್ಲಿ, ತುರುವೇಕೆರೆಯಲ್ಲಿ. ರಜಿಯಾಳ ಗಂಡ ದಸ್ತಗೀರ್ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸದವನು. ಅವನ ಅಕ್ಕ ಮೆಹರುನ್ನಿಸಾ ಅಲ್ಲಿದ್ದಳು. ಅವಳ ಕೈಯ ಬದನೆಕಾಯಿ ಸಾಲನ್ ಗೊಜ್ಜು ಎಂದರೆ ಬಂಧುಗಳೆಲ್ಲ ಇನ್ನೊಂದು ತಟ್ಟೆ ಕೇಳುತ್ತಿದ್ದರು. ಅನ್ನಕ್ಕೆ ಆ ಸಾಲನ್ನಿನ ಮೇಲಿನ ಗಟ್ಟಿಯನ್ನಷ್ಟೇ ಕಲೆಸಿ ಮಗುವಿಗೆ ನಾಲ್ಕು ತುತ್ತು ಕೊಟ್ಟಳು. ಮತ್ತೆ ತುಟಿ, ಮತ್ತೆ ದದ್ದು, ಮತ್ತೆ ವಾಂತಿ. ಈ ಸಲ ಜೊತೆಗೆ ಕೆಮ್ಮು.

"ಯಾರದ್ದೋ ಕಣ್ಣು ಬಿದ್ದಿದೆ. ಮಗುವನ್ನ ಸಿಂಗಾರ ಮಾಡಿ ಬಸ್ಸಲ್ಲಿ ಕರ್ಕೊಂಡು ಬಂದ್ರೆ ಇನ್ನೇನಾಗುತ್ತೆ?" ಎಂದಳು ಮೆಹರುನ್ನಿಸಾ. ತಾಯತ ಕಟ್ಟಿಸಿದಳು.

ಊರಿಗೆ ಬಂದ ಮೇಲೆ ರಜಿಯಾ ಮಗುವನ್ನು ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಮಗುವಿನ ಹೊಟ್ಟೆ ಒತ್ತಿ ನೋಡಿ, ಜಂತುಹುಳ ಎಂದು ಸಿರಪ್ ಬರೆದುಕೊಟ್ಟರು. ಏನಾದರೂ ತಿಂದ ಮೇಲೆಯೇ ಎರಡು ಸಲ ಹೀಗಾಯಿತು ಎಂದು ರಜಿಯಾ ಹೇಳಲು ಹೋದಳು. ಅವರು ಆಗಲೇ ಮುಂದಿನ ಚೀಟಿ ಕರೆದಿದ್ದರು.

ಮೂರನೆಯ ಸಲಕ್ಕೆ ಅವಳು ಸುಮ್ಮನಿರಲಿಲ್ಲ. ರಜಿಯಾ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ದಬ್ಬೇಘಟ್ಟದಿಂದ ಅಳತೆ ಕೊಡಲು ಬಂದ ಪುಟ್ಟಗಂಗಮ್ಮ ಎಂಬಾಕೆ ಬ್ಯಾಗಿನಿಂದ ಒಂದು ಚಕ್ಕುಲಿ ತೆಗೆದು ಅಕ್ಸಾಳ ಕೈಗೆ ಕೊಟ್ಟಳು. ಮಗು ಅದರ ತುದಿಯನ್ನು ಚೀಪುತ್ತ ಕೂತಿತ್ತು, ಅಷ್ಟೇ. ರಜಿಯಾ ಟೇಪು ಹಿಡಿದು ತೋಳಿನ ಅಳತೆ ತೆಗೆದು ತಿರುಗುವಷ್ಟರಲ್ಲಿ ಮಗುವಿನ ಒಂದು ಕಣ್ಣು ಮುಚ್ಚಿಹೋಗುವಷ್ಟು ಊದಿತ್ತು. ಪುಟ್ಟಗಂಗಮ್ಮ ಹೆದರಿ, "ಇವತ್ತೇ ಕರ್ದಿದ್ದು ಕಣ್ರೀ, ಹಳೇದಲ್ಲ," ಎಂದು ಮತ್ತೆ ಮತ್ತೆ ಹೇಳಿದಳು.

ಆ ದಿನ ದದ್ದು ಇಳಿದ ಮೇಲೆ ರಜಿಯಾ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆ ತೆಗೆದಳು. ಅವಳು ಓದಿದ್ದು ಏಳನೆಯ ತರಗತಿ, ಉರ್ದು ಶಾಲೆಯಲ್ಲಿ. ಬಲದಿಂದ ಎಡಕ್ಕೆ ಮೂರು ಪಟ್ಟಿ ಬರೆದಳು: ಸಂಕ್ರಾಂತಿಯ ದಿನ ಮಗು ತಿಂದದ್ದರಲ್ಲಿ ಏನೇನಿತ್ತು, ಗಂಡನ ಅಕ್ಕ ಮೆಹರುನ್ನಿಸಾ ಆಪಾಳ ಸಾಲನ್ನಿಗೆ ಏನೇನು ಹುರಿದು ರುಬ್ಬುತ್ತಾರೆ, ಪುಟ್ಟಗಂಗಮ್ಮ ಚಕ್ಕುಲಿಗೆ ಏನೇನು ಹಾಕಿದ್ದಳು. ಕೊಬ್ಬರಿ ಎರಡು ಕಡೆ ಇತ್ತು, ಆದರೆ ಮಗು ದಿನವೂ ಕಾಯಿಚಟ್ನಿ ತಿನ್ನುತ್ತಿತ್ತು. ಕಡಲೆಕಾಯಿ ಎರಡು ಕಡೆ ಇತ್ತು, ಆದರೆ ಬೇಯಿಸಿದ ಕಡಲೆಕಾಯಿಯನ್ನು ಅದು ಅಪ್ಪನ ಕೈಯಿಂದ ಕಿತ್ತು ತಿನ್ನುತ್ತಿತ್ತು. ಮೂರು ಪಟ್ಟಿಯಲ್ಲೂ ಉಳಿದದ್ದು ಎಳ್ಳು.

ದಸ್ತಗೀರನಿಗೆ ತೋರಿಸಿದಳು. ಅವನು ಕೈಗೆ ಹತ್ತಿದ ವಾರ್ನಿಷ್ ಒರೆಸಿಕೊಳ್ಳುತ್ತ ನಕ್ಕ. "ಎಳ್ಳು ತಿಂದು ಯಾರಿಗಾದ್ರೂ ಏನಾದ್ರೂ ಆಗಿದೆಯಾ? ನಮ್ಮಮ್ಮ ಬಾಣಂತಿಯರಿಗೆ ಎಳ್ಳುಂಡೆ ಕಟ್ಟಿ ಕೊಡ್ತಿದ್ಳು."

"ಬಾಣಂತಿಯರ ವಿಷಯ ನಾನು ಕೇಳ್ಲಿಲ್ಲ."

"ಮಗುವನ್ನ ಗಾಜಿನ ಸಾಮಾನು ಮಾಡ್ಬೇಡ ರಜಿಯಾ. ಎಲ್ಲಾ ತಿಂದು ಬೆಳೀಲಿ."

ರಜಿಯಾ ಅವನ ಜೊತೆ ವಾದ ಮಾಡಲಿಲ್ಲ. ಮರುದಿನ ಹಾಳೆ ಹರಿದುಕೊಂಡು ಗಂಗಾಧರಯ್ಯ ಡಾಕ್ಟರ ಹತ್ತಿರ ಹೋದಳು. ಅವರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದ ವಯಸ್ಸಾದವರು. ಹಾಳೆಯನ್ನು ತಿರುಗಿಸಿ ನೋಡಿ, "ಇದು ನನಗೆ ಓದೋಕೆ ಬರಲ್ಲಮ್ಮ, ನೀವೇ ಓದಿ," ಎಂದರು. ಅವಳು ಓದಿದಳು. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ತಿಂದ ಎಷ್ಟು ಹೊತ್ತಿಗೆ, ಮೊದಲು ಎಲ್ಲಿ ಊದಿತು, ಕೆಮ್ಮು ಯಾವಾಗ ಶುರುವಾಯಿತು ಎಂದೆಲ್ಲ ಕೇಳಿದರು. ಆರು ತಿಂಗಳಲ್ಲಿ ತನ್ನನ್ನು ಯಾರೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ ಎಂಬುದು ರಜಿಯಾಗೆ ಆಗ ತಿಳಿಯಿತು.

"ಅಲರ್ಜಿ ಅಂತಾರೆ. ಕೆಲವು ಮಕ್ಕಳ ಮೈಗೆ ಯಾವುದೋ ಒಂದು ಪದಾರ್ಥ ಒಳಗೆ ಬಂದ್ರೆ ವಿಷ ಬಂತು ಅಂತ ತಪ್ಪು ತಿಳುವಳಿಕೆ. ಅದನ್ನ ಓಡಿಸೋಕೆ ಮೈಯೇ ಮಾಡೋ ಗಲಾಟೆ ಇದು. ಎಳ್ಳೇನೂ ಕೆಟ್ಟದ್ದಲ್ಲ. ನೀವು ಮಾಡಿದ ತಪ್ಪೂ ಏನಿಲ್ಲ. ಬೆಂಗಳೂರಿಗೆ ಹೋದ್ರೆ ಚರ್ಮದ ಮೇಲೆ ಪರೀಕ್ಷೆ ಮಾಡ್ತಾರೆ, ಒಂದ್ಸಲ ಮಾಡಿಸಿ. ಆದ್ರೆ ನಿಮ್ಮ ಪಟ್ಟಿ ನೋಡಿದ್ರೆ ನನಗೇನೂ ಅನುಮಾನ ಇಲ್ಲ."

"ಎಷ್ಟು ಕೊಡಬಹುದು ಸಾರ್?"

"ಎಷ್ಟೂ ಇಲ್ಲ. ಒಂದು ಕಾಳೂ ಇಲ್ಲ. ಎಳ್ಳೆಣ್ಣೆ ಇಲ್ಲ. ಎಳ್ಳು ಹುರಿದ ಬಾಣಲೆ, ಎಳ್ಳಿಗೆ ಹಾಕಿದ ಚಮಚ, ಅದೂ ಇಲ್ಲ. ಹಾಗಂತ ಬೇರೇದೆಲ್ಲ ನಿಲ್ಲಿಸ್ಬೇಡಿ. ಮೊಟ್ಟೆ, ಮೀನು, ಕಡಲೆಕಾಯಿ, ಕಾಯಿ ಎಲ್ಲಾ ತಿಂದು ಚೆನ್ನಾಗಿದಾಳೆ ತಾನೆ, ಅವೆಲ್ಲ ನಡೀಲಿ. ಹೆದರಿ ಹೆದರಿ ಎಲ್ಲ ಬಿಡಿಸಿದ್ರೆ ಮಗು ಬಡವಾಗುತ್ತೆ." ಅವರು ಒಂದು ಔಷಧಿ ಬರೆದರು. "ಬರೀ ದದ್ದಾದ್ರೆ ಇದು ಕೊಡಿ. ಉಸಿರಾಟ ಬದಲಾದ್ರೆ, ದನಿ ಕಟ್ಟಿದ್ರೆ, ಮಗು ಮಂಕಾದ್ರೆ, ಮನೇಲಿ ಕೂತು ಕಂಬಳಿ ಉಜ್ಜಬೇಡಿ. ಇಂಜೆಕ್ಷನ್ ಬೇಕು. ಎತ್ಕೊಂಡು ಬನ್ನಿ, ಇಲ್ಲ ದೊಡ್ಡಾಸ್ಪತ್ರೆಗೆ ಓಡಿ, ಯಾವುದು ಹತ್ತಿರವೋ ಅಲ್ಲಿಗೆ."

"ದೊಡ್ಡವಳಾದ ಮೇಲೆ ಹೋಗುತ್ತಾ?"

"ಹೋಗಬಹುದು. ಹೋಗದೇನೂ ಇರಬಹುದು. ಹೋಯ್ತಾ ಅಂತ ನೀವು ಮನೇಲಿ ಕೊಟ್ಟು ನೋಡ್ಬೇಡಿ."

ಕಾರಣ ಸಿಕ್ಕಿತಲ್ಲ, ಇನ್ನು ಸುಲಭ ಎಂದುಕೊಂಡೇ ರಜಿಯಾ ಮನೆಗೆ ಬಂದಳು. ಕಷ್ಟ ಶುರುವಾದದ್ದು ಅಲ್ಲಿಂದಲೇ.

ಹೊಲಿಗೆಗೆ ಬರುವ ಹೆಂಗಸರಿಗೆಲ್ಲ ಅವಳು ಹೇಳುತ್ತಿದ್ದಳು, ದಯವಿಟ್ಟು ಮಗುವಿಗೆ ಏನೂ ಕೊಡಬೇಡಿ, ಇದಕ್ಕೆ ಎಳ್ಳು ಆಗಲ್ಲ. ಅವರು ತಲೆಯಾಡಿಸುತ್ತಿದ್ದರು. ಅವಳು ಮಿಷನ್ನಿನ ಕಡೆ ತಿರುಗಿದ ತಕ್ಷಣ ಮಗುವಿನ ಕೈಯಲ್ಲಿ ಏನಾದರೂ ಇರುತ್ತಿತ್ತು. ಕಿತ್ತುಕೊಂಡರೆ ಮಗು ಅಳುತ್ತಿತ್ತು, ಕೊಟ್ಟವರು ಮುಖ ಸಣ್ಣಗೆ ಮಾಡುತ್ತಿದ್ದರು. "ಒಂದ್ ಕಾಳಿಗೆ ಏನಾಗುತ್ತೆ ಬುಡ್ರೀ." "ಸ್ವಲ್ಪ ಸ್ವಲ್ಪ ತಿಂದ್ರೇನೇ ಅಭ್ಯಾಸ ಆಗೋದು." "ನಮ್ ಕಾಲ್ದಾಗೆ ಇಂಥವೆಲ್ಲ ಎಲ್ಲಿದ್ವು? ಎಂಟು ಮಕ್ಳು ಹೆತ್ತೆ, ಏನ್ ಸಿಕ್ರೆ ಅದು ತಿಂದ್ವು." ಆ ಎಂಟರಲ್ಲಿ ಎಷ್ಟು ಉಳಿದವು ಎಂದು ಕೇಳಬೇಕೆಂದು ರಜಿಯಾಳ ನಾಲಿಗೆಯ ತುದಿಗೆ ಬರುತ್ತಿತ್ತು. ಕೇಳುತ್ತಿರಲಿಲ್ಲ. ಅವರ ರವಿಕೆ ಅವಳ ಕೈಯಲ್ಲಿರುತ್ತಿತ್ತು.

ತುರುವೇಕೆರೆಯಲ್ಲಿ ಮೆಹರುನ್ನಿಸಾ ತಟ್ಟೆಯನ್ನು ಸದ್ದು ಮಾಡಿ ಇಟ್ಟಳು. "ನನ್ನ ಕೈಯಡುಗೆ ವಿಷ ಅಂತ ಡಾಕ್ಟರ ಹತ್ರ ಹೇಳಿ ಬಂದ್ಯಾ?" ರಜಿಯಾ ಹೇಳಿದ್ದು ಹಾಗಲ್ಲ. ಆದರೆ ಯಾವುದು ಹೇಗೆ ಎಂದು ಬಿಡಿಸಿ ಹೇಳುವಷ್ಟು ಹೊತ್ತು ಯಾರೂ ಕೂತು ಕೇಳುತ್ತಿರಲಿಲ್ಲ. ಎರಡನೆಯ ವಾಕ್ಯಕ್ಕೇ ಎದುರಿನವರ ಮುಖದ ಮೇಲೆ ಒಂದು ನಗು ಬರುತ್ತಿತ್ತು. ಒಬ್ಬಳೇ ಮಗಳು, ಅದಕ್ಕೇ ಇಷ್ಟು ಅತಿ ಎನ್ನುವ ನಗು. ಆ ನಗು ಕಂಡರೆ ರಜಿಯಾಳ ದನಿ ತಾನಾಗಿ ಏರುತ್ತಿತ್ತು. ದನಿ ಏರಿದರೆ ಅವಳು ಹೇಳಿದ್ದು ಇನ್ನೂ ಅತಿಯಾಗಿ ಕೇಳುತ್ತಿತ್ತು.

ಮುಂದಿನ ಸಂಕ್ರಾಂತಿಗೆ ರಾಮಲಕ್ಷ್ಮಮ್ಮ ಹೊಸ ಸೀರೆಯುಟ್ಟು ತಟ್ಟೆ ಹಿಡಿದು ಹಿತ್ತಲ ಬಾಗಿಲಿಂದ ಬಂದರು. ಕಬ್ಬು, ಬಾಳೆಹಣ್ಣು, ಸಕ್ಕರೆ ಅಚ್ಚು, ಎಳ್ಳು ಬೆಲ್ಲ. ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ, ಅಕ್ಸಾಗೆಂದು ಕುಟ್ಟಿದ್ದು.

ರಜಿಯಾ ವಾರದಿಂದ ಮಾತು ಜೋಡಿಸಿಕೊಂಡಿದ್ದಳು. "ಅಮ್ಮ, ನಾವಿಬ್ರೂ ತಿಂತೀವಿ. ಅಕ್ಸಾಗೆ ಮಾತ್ರ ಬೇಡ. ಅವಳಿಗೆ ಎಳ್ಳು ಆಗಲ್ಲ ಅಂತ ಡಾಕ್ಟರು ಹೇಳಿದಾರೆ."

"ಎಳ್ಳು ಆಗಲ್ವಾ? ಹೋದ್ ವರ್ಷ ತಿಂದ್ಲಲ್ಲ."

"ತಿಂದಿದ್ದಕ್ಕೇ ಅಮ್ಮ ಆವತ್ತು ಮೈಯೆಲ್ಲಾ ಎದ್ದಿದ್ದು."

"ಅದು ಪಿತ್ತ. ಕಂಬಳಿ ಉಜ್ಜಿದ್ಮೇಲೆ ಹೋಯ್ತಲ್ಲವ್ವ."

"ಪಿತ್ತ ಅಲ್ಲಮ್ಮ. ನಾನು ಬರೆದು ನೋಡಿದೀನಿ, ಮೂರು ಸಲ—"

ರಾಮಲಕ್ಷ್ಮಮ್ಮ ಡಬ್ಬಿಯನ್ನು ತಟ್ಟೆಯಿಂದ ತೆಗೆದು ಸೆರಗಿನೊಳಗೆ ಹಿಡಿದುಕೊಂಡರು. ತಗ್ಗಿದ ದನಿಯಲ್ಲಿ ಕೇಳಿದರು. "ನಂಗೆ ನೇರವಾಗಿ ಹೇಳ್ಬುಡು ರಜಿಯಾ. ದೇವ್ರಿಗೆ ಇಟ್ಟಿದ್ದು ತಿನ್ಬ್ಯಾಡಿ ಅಂತ ನಿಮ್ಮೋರು ಯಾರಾದ್ರೂ ಅಂದ್ರಾ?"

ಇಂಥ ಪ್ರಶ್ನೆ ಈ ಬಾಗಿಲಲ್ಲಿ ಹುಟ್ಟಬಹುದೆಂದು ರಜಿಯಾ ಎಣಿಸಿಯೇ ಇರಲಿಲ್ಲ. "ಇಲ್ಲಮ್ಮ, ಅಲ್ಲಾನ ಆಣೆ, ಹಂಗಲ್ಲ," ಎಂದಷ್ಟೇ ಬಂತು.

"ಆಗ್ಲಿ ಬುಡು. ಕಾಲ ಹಂಗೈತೆ," ಎಂದು ಅವರು ತಟ್ಟೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟು ಹೋದರು. ಒಳಗೆ ಬಂದು ಕೊಡಲಿಲ್ಲ.

ಆಮೇಲಿನ ದಿನಗಳಲ್ಲಿ ನಲ್ಲಿಯ ಹತ್ತಿರ ಇಬ್ಬರೂ ಸೇರಿದರೆ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಎದುರು ಮನೆಯ ರಂಗಮ್ಮ ಹೊಲಿಗೆಗೆ ಕೊಟ್ಟಿದ್ದ ಬಟ್ಟೆ ತೆಗೆದುಕೊಳ್ಳುತ್ತ, "ನೀವೀಗ ನಮ್ಮೋರ ಮನೇದು ಮುಟ್ಟಲ್ವಂತೆ, ಹೌದಾ?" ಎಂದು ಕುತೂಹಲದಿಂದಲೇ ಕೇಳಿದಳು. ಅತ್ತ ಮೆಹರುನ್ನಿಸಾ ದಸ್ತಗೀರನ ಹತ್ತಿರ ಹೇಳಿ ಕಳಿಸಿದ್ದಳು: ನಮ್ಮನೆಯ ಸಾಲನ್ ಬೇಡ, ಆದ್ರೆ ಅವರ ಮನೆಯ ಜಗುಲಿಯಲ್ಲಿ ಮಗು ದಿನವೆಲ್ಲ ಇರುತ್ತೆ. ರಜಿಯಾ ಬಾಗಿಲು ಹಾಕಿಕೊಂಡು ಅತ್ತಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಎಳ್ಳಿಗೆ ಜಾತಿಯಿಲ್ಲ, ಮಗುವಿನ ಮೈಗೆ ಮತ ಗೊತ್ತಿಲ್ಲ, ಇದನ್ನು ಯಾವ ಭಾಷೆಯಲ್ಲಿ ಹೇಳಬೇಕು?

ದಸ್ತಗೀರ್ ಮಾತ್ರ ಅಷ್ಟರಲ್ಲಿ ಸ್ವಲ್ಪ ಬದಲಾಗಿದ್ದ. ಮಗುವನ್ನು ಅಂಗಡಿಗೆ ಕರೆದುಕೊಂಡು ಹೋದರೆ, "ಏನೂ ಕೊಡಬೇಡ್ರಪ್ಪ, ನಮ್ಮನೇವ್ರು ಬೈತಾರೆ," ಎನ್ನುತ್ತಿದ್ದ. ಹೆಂಡತಿ ಬೈಯುತ್ತಾಳೆ ಎನ್ನುವುದಕ್ಕಿಂತ ಒಳ್ಳೆಯ ಕಾರಣ ಅವನಿಗೆ ಸಿಕ್ಕಿರಲಿಲ್ಲ.

ಅದು ಆದದ್ದು ಫೆಬ್ರವರಿಯ ಒಂದು ಮಧ್ಯಾಹ್ನ, ಕೊಬ್ಬರಿ ಹರಾಜಿನ ದಿನ. ದಸ್ತಗೀರ್ ಬಾವಿಯ ಮೋಟಾರು ಎತ್ತಲು ಹಳ್ಳಿಗೆ ಹೋಗಿದ್ದ. ಅಕ್ಸಾ ಎಂದಿನಂತೆ ರಾಮಲಕ್ಷ್ಮಮ್ಮನ ಜಗುಲಿಗೆ ಹತ್ತಿದ್ದಳು. ದೊಡ್ಡವರ ಮೌನ ಅವಳಿಗೆ ತಿಳಿದಿರಲಿಲ್ಲ. ರಾಮಲಕ್ಷ್ಮಮ್ಮನಿಗೂ ಮಗುವಿನ ಮೇಲೆ ಮುನಿಸಿರಲಿಲ್ಲ. ಹಬ್ಬದ ಡಬ್ಬದ ತಳದಲ್ಲಿ ಇನ್ನೂ ಎಳ್ಳು ಬೆಲ್ಲವಿತ್ತು. ಅವರು ಅದರಿಂದ ನಾಲ್ಕು ಚೂರು ಬೆಲ್ಲ, ನಾಲ್ಕು ಚೂರು ಕೊಬ್ಬರಿ ಆರಿಸಿದರು. ಅಂಗೈಯಲ್ಲಿಟ್ಟು ಎಳ್ಳು ಹಾರಿಹೋಗುವಂತೆ ಊದಿದರು. ಸೆರಗಿನಿಂದ ಒರೆಸಿದರು. ಆಮೇಲೆ ಮಗುವಿನ ಕೈಗೆ ಹಾಕಿದರು.

ರಜಿಯಾಗೆ ಕೇಳಿಸಿದ್ದು ಕೆಮ್ಮು. ಎಂದಿನ ಕೆಮ್ಮಲ್ಲ, ನಾಯಿ ಬೊಗಳಿದಂಥ ಒಡಕು ಕೆಮ್ಮು. ಮಿಷನ್ ಬಿಟ್ಟು ಓಡಿದಳು. ರಾಮಲಕ್ಷ್ಮಮ್ಮ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಮಗುವಿನ ಮುಖ ಊದಿ ಗುರುತೇ ಸಿಗದಂತಾಗಿತ್ತು. ಎದೆ ಒಳಗೆ ಸೆಳೆಯುತ್ತಿತ್ತು. ಅಳಲು ಹೋದರೆ ದನಿ ಬರುತ್ತಿರಲಿಲ್ಲ.

"ಕಂಬಳಿ ತರ್ಲಾ?" ಎಂದರು ರಾಮಲಕ್ಷ್ಮಮ್ಮ.

ರಜಿಯಾ ಮಗುವನ್ನು ಕಿತ್ತುಕೊಂಡು ಬೀದಿಗೆ ಬಂದಳು. ಕೊಬ್ಬರಿ ಚೀಲ ಹೇರಿಕೊಂಡ ಲಗೇಜ್ ಆಟೋ ಒಂದು ಮಂಡಿಯ ಕಡೆ ಹೋಗುತ್ತಿತ್ತು. ಅಡ್ಡ ನಿಂತು ಹತ್ತಿದಳು. ತಿರುಗಿ ನೋಡಿದರೆ ರಾಮಲಕ್ಷ್ಮಮ್ಮನೂ ಹಿಂದಿನ ಚೀಲದ ಮೇಲೆ ಹತ್ತಿ ಕೂತಿದ್ದರು, ಬರಿಗಾಲಲ್ಲಿ. ಮಾರ್ಕೆಟ್ಟಿನ ಹತ್ತಿರ ಬಂದಾಗ ಲಾರಿ, ಎತ್ತಿನಗಾಡಿ, ಟೆಂಪೋಗಳು ಒಂದಕ್ಕೊಂದು ಮೂತಿ ಕೊಟ್ಟು ನಿಂತಿದ್ದವು. ಆಟೋದವನು ಹಾರನ್ ಒತ್ತಿದ. ಯಾರೂ ಅಲುಗಲಿಲ್ಲ. ರಜಿಯಾ ಇಳಿದು ಓಡಿದಳು. ಗಂಗಾಧರಯ್ಯ ಡಾಕ್ಟರ ಮನೆ ಅಲ್ಲಿಂದ ಮೂರು ಬೀದಿ. ಹೆಗಲ ಮೇಲೆ ಮಗುವಿನ ತಲೆ ಜೋಲತೊಡಗಿತ್ತು. ಹಾದಿಯಲ್ಲಿ ಇಬ್ಬರು ಮೂವರು "ಏನಾಯ್ತವ್ವ" ಎಂದು ಅಡ್ಡ ಬಂದರು. ಅವಳು ಮೊಳಕೈಯಿಂದ ತಳ್ಳಿ ಓಡಿದಳು.

ಡಾಕ್ಟರು ಊಟಕ್ಕೆ ಕೂತಿದ್ದವರು ಎದ್ದು ಬಂದು, ಕೈ ತೊಳೆದದ್ದೇ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಮುಖಕ್ಕೆ ಆಮ್ಲಜನಕದ ಕೊಳವೆ ಹಿಡಿದರು. ಗಡಿಯಾರ ನೋಡುತ್ತ ಐದು ನಿಮಿಷ ಕಾದರು. ಇನ್ನೊಂದು ಸಲ ಚುಚ್ಚಿದರು. ಆಮೇಲೆ ಮಗು ಅತ್ತಿತು, ದನಿ ತೆಗೆದು, ಸಿಟ್ಟಿನಿಂದ.

"ಏನ್ ತಿಂದ್ಲು?" ಡಾಕ್ಟರು ಕೇಳಿದರು.

ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ ರಾಮಲಕ್ಷ್ಮಮ್ಮ ಹೇಳಿದರು. "ಎಳ್ಳು ಬೆಲ್ಲ. ನಾನೇ ಕೊಟ್ಟೆ. ಎಳ್ಳು ತೆಗೆದೇ ಕೊಟ್ಟೆ ಕಣಪ್ಪ. ಊದಿ, ಒರೆಸಿ ಕೊಟ್ಟೆ."

"ಬೆಲ್ಲಕ್ಕೆ ಅಂಟಿರೋದು ಊದಿದ್ರೆ ಹೋಗುತ್ತೇನಮ್ಮ?" ಎಂದು ಡಾಕ್ಟರು ಅವರ ಕಡೆ ನೋಡದೆಯೇ ಹೇಳಿದರು. "ಒಂದ್ಸಲ ಇಳಿದದ್ದು ಮತ್ತೆ ಏರಬಹುದು. ಸಂಜೆವರೆಗೂ ಇಲ್ಲೇ ಇರ್ಲಿ. ಆಮೇಲೆ ನೋಡೋಣ."

ಹೊರಗಿನ ಬೆಂಚಿನ ಮೇಲೆ ಇಬ್ಬರು ಹೆಂಗಸರೂ ಕೂತರು, ನಡುವೆ ಮಲಗಿದ ಮಗು. ರಾಮಲಕ್ಷ್ಮಮ್ಮನ ಪಾದ ಕಲ್ಲು ತಾಗಿ ಒಡೆದಿತ್ತು. ಬೇರೆ ದಿನವಾಗಿದ್ದರೆ ರಜಿಯಾ ನೀರು ತಂದು ತೊಳೆಯುತ್ತಿದ್ದಳು. ಇವತ್ತು ಅವಳು ಆ ಪಾದವನ್ನು ನೋಡಿದಳು, ಏಳಲಿಲ್ಲ.

ರಾಮಲಕ್ಷ್ಮಮ್ಮ, "ನೀನು ಹೇಳಿದ್ದೆ," ಎಂದರು.

"ಹೇಳಿದ್ದೆ."

"ನಾನು ಬೇರೆ ಏನೋ ಅಂದ್ಕಂಡೆ."

"ಅಂದ್ಕಂಡಿದ್ದನ್ನ ಆವತ್ತು ಬಾಯಿಬಿಟ್ಟೇ ಕೇಳಿದ್ರಲ್ಲಮ್ಮ. ಈ ಮಗು ಹೊಟ್ಟೇಲಿದ್ದಾಗ ನಂಗೆ ಅನ್ನ ಸೇರ್ತಿದ್ದಿದ್ದೇ ನಿಮ್ಮನೆ ಸಾರಲ್ಲಿ. ನಿಮ್ಮನೇದು ಬೇಡ ಅಂತ ನಾನು ಅಂತೀನಾ? ಅನ್ನೋದಾಗಿದ್ರೆ ಇಷ್ಟು ವರ್ಷ ಯಾಕೆ ತಿಂತಿದ್ದೆ?" ದನಿ ಏರಿತ್ತು. ಒಳಗಿದ್ದ ರೋಗಿಗಳು ಇಣುಕಿದರು. "ನಾನು ಏನ್ ಹೇಳ್ಬೇಕಿತ್ತು? ಎಷ್ಟು ಸಲ ಹೇಳ್ಬೇಕಿತ್ತು?"

ರಾಮಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ರಜಿಯಾ ಪರವಾಗಿಲ್ಲ ಎನ್ನಬೇಕಾಗುತ್ತಿತ್ತು, ಅವಳಿಗೆ ಅದು ಬೇಕಿರಲಿಲ್ಲ. ಸಂಜೆ ದಸ್ತಗೀರ್ ಬಂದು ಮಗುವನ್ನು ಎತ್ತಿಕೊಂಡ. ಹೆಂಡತಿಯ ಹತ್ತಿರ ಅವನು ಕೇಳಿದ್ದು ಒಂದೇ: "ಆ ಪಟ್ಟಿ ಎಲ್ಲಿಟ್ಟಿದ್ದೀಯ?"

ಮರುದಿನ ಬೆಳಗಾಗುತ್ತಲೇ ರಾಮಲಕ್ಷ್ಮಮ್ಮ ಒಡೆದ ಪಾದಕ್ಕೆ ಬಟ್ಟೆ ಕಟ್ಟಿಕೊಂಡು ಬೀದಿಯ ಒಂದೊಂದು ಮನೆಗೂ ಹೋದರು. ಆ ಮಗೀಗೆ ಏನೂ ಕೊಡಬ್ಯಾಡಿ, ನನ್ ಕೈಯಾರೆ ಕೊಂದುಬುಡ್ತಿದ್ದೆ ಎಂದರು. ಮಧ್ಯಾಹ್ನದೊಳಗೆ ಇಡೀ ಬೀದಿ ನಂಬಿತು. ರಂಗಮ್ಮ ಬಂದು, "ಅಲ್ಲ ರಜಿಯಾ, ಇಷ್ಟೊಂದು ಅಂತ ನೀನು ಹೇಳ್ಲೇ ಇಲ್ವಲ್ಲ," ಎಂದಳು. ರಜಿಯಾ ಕತ್ತರಿಯನ್ನು ಬಟ್ಟೆಯ ಮೇಲಿಟ್ಟು ಅವಳನ್ನೇ ನೋಡಿದಳು. ಎರಡನೆಯ ಚಳಿಗಾಲ ಮುಗಿಯುತ್ತ ಬಂದಿತ್ತು. ಈ ಬಾಗಿಲಲ್ಲಿ ನಿಂತು ಅದೇ ಮಾತನ್ನು ಇದೇ ರಂಗಮ್ಮನಿಗೆ ಅವಳು ಕಡಿಮೆಯೆಂದರೆ ಹತ್ತು ಸಲ ಹೇಳಿದ್ದಳು. ತಾಯಿಯ ಮಾತಿಗಿಲ್ಲದ ಬೆಲೆ ಮನೆಯೊಡತಿಯ ಮಾತಿಗೆ ಇತ್ತು. ಇಲ್ಲವೇ, ಮಗು ಸಾಯುವ ಹತ್ತಿರಕ್ಕೆ ಹೋಗಿ ಬರಬೇಕಿತ್ತು.

ನಂಬಿಕೆ ಬಂದ ಮೇಲೆ ಅದೂ ಅತಿಯಾಯಿತು. ಯಾರೂ ಅಕ್ಸಾಗೆ ಒಂದು ಬಾಳೆಹಣ್ಣನ್ನೂ ಕೊಡದಾದರು. ಮಕ್ಕಳು ಗುಂಪಾಗಿ ಮಂಡಕ್ಕಿ ತಿನ್ನುತ್ತ ಕೂತಿದ್ದರೆ, "ಅದರ ಪಕ್ಕ ಕೂರ್ಬ್ಯಾಡ, ಅದಕ್ಕೇನೋ ಕಾಯ್ಲೆ," ಎಂದು ತಾಯಂದಿರು ತಮ್ಮ ಮಕ್ಕಳನ್ನು ಎಳೆದುಕೊಳ್ಳುತ್ತಿದ್ದರು. ಅಂಟುತ್ತದಂತೆ ಎಂದು ಯಾರೋ ಸೇರಿಸಿದ್ದರು. ಅಕ್ಸಾ ಬಾಗಿಲ ಹೊಸ್ತಿಲ ಮೇಲೆ ಒಬ್ಬಳೇ ಕೂತು ಅವರನ್ನು ನೋಡುತ್ತಿದ್ದಳು. ರಜಿಯಾ ಮತ್ತೆ ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಹೊರಟಳು. ಈ ಸಲ ಹೇಳಬೇಕಾದದ್ದು ಉಲ್ಟಾ: ಇದು ಅಂಟಲ್ಲ. ಎಳ್ಳೊಂದು ಬಿಟ್ಟು ಎಲ್ಲಾ ತಿಂತಾಳೆ. ಹಣ್ಣು ಕೊಡಿ, ಎಳನೀರು ಕೊಡಿ, ಜೊತೆಗೆ ಕೂರಿಸಿಕೊಳ್ಳಿ. ತಿಂಡಿ ಏನಾದ್ರೂ ಇದ್ರೆ ನನ್ನ ಒಂದು ಮಾತು ಕೇಳಿ. ಒಂದು ಮನೆಯಲ್ಲಿ ಹೆಂಗಸು ನಿಟ್ಟುಸಿರು ಬಿಟ್ಟು, "ಕೊಡಿ ಅಂತೀಯೋ ಬ್ಯಾಡ ಅಂತೀಯೋ, ಒಂದು ಹೇಳು ತಾಯಿ," ಎಂದಳು.

ಮರುವರ್ಷದ ಸಂಕ್ರಾಂತಿಗೆ ರಾಮಲಕ್ಷ್ಮಮ್ಮ ಎಳ್ಳನ್ನು ಮನೆಗೆ ತರುವ ಮೊದಲೇ, ಹೊಸ ಪಾತ್ರೆಯಲ್ಲಿ, ತೊಳೆದ ಅಡಕತ್ತರಿಯಲ್ಲಿ ಕೊಬ್ಬರಿ, ಬೆಲ್ಲ ಕತ್ತರಿಸಿ ಹುರಿಗಡಲೆ ಬೆರೆಸಿ ಅಕ್ಸಾಗೆಂದು ಬೇರೆ ಕಟ್ಟಿ ತಂದರು. ಏನೇನು ಹಾಕಿದೆ, ಯಾವ ಅಂಗಡಿಯದು, ಯಾವ ದಿನ ಕತ್ತರಿಸಿದೆ ಎಂದು ಒಂದೊಂದಾಗಿ ಹೇಳಿದರು. ರಜಿಯಾ ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವರು ಹೋದ ಮೇಲೆ ಪೊಟ್ಟಣ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದು ಚೂರನ್ನೂ ತಿರುಗಿಸಿ ನೋಡಿದಳು. ಎಲ್ಲೂ ಎಳ್ಳಿರಲಿಲ್ಲ. ಆದರೂ ಮಗುವಿಗೆ ಕೊಡಲು ಅವಳ ಕೈ ಬರಲಿಲ್ಲ. ಹುರಿಗಡಲೆಯ ಅಂಗಡಿಯವನ ಅಳತೆ ಬಟ್ಟಲು ಎಳ್ಳಿನ ಮೂಟೆಗೂ ಇಳಿದಿದ್ದರೆ? ದಸ್ತಗೀರನೂ ಅವಳೂ ಕೂತು ಅದನ್ನು ತಿಂದು ಮುಗಿಸಿದರು.

ಸಂಜೆ ನಲ್ಲಿಯ ಹತ್ತಿರ ರಾಮಲಕ್ಷ್ಮಮ್ಮ ಕೇಳಿದರು. "ತಿಂದ್ಲಾ ಮಗು?"

"ತಿಂದ್ಲಮ್ಮ. ಇನ್ನೂ ಬೇಕು ಅಂದ್ಲು."

ಅವರ ಮುಖ ಅರಳಿತು. ನಿಜ ಹೇಳುತ್ತಿದ್ದ ಅಷ್ಟೂ ದಿನ ತನ್ನನ್ನು ನಂಬದೆ ಹೋದವರು, ಒಂದೇ ಒಂದು ಸುಳ್ಳನ್ನು ಎಷ್ಟು ಬೇಗ ನಂಬಿದರಲ್ಲ ಎಂದು ರಜಿಯಾಗೆ ನಗು ಬರಬೇಕಿತ್ತು. ಬರಲಿಲ್ಲ. ಬಿಂದಿಗೆ ತುಂಬಿ ಹರಿದರೂ ಅವಳು ನಲ್ಲಿ ನಿಲ್ಲಿಸಿರಲಿಲ್ಲ.

ಜೂನ್ ತಿಂಗಳಲ್ಲಿ ಅಕ್ಸಾಳನ್ನು ಶಿಶುವಿಹಾರಕ್ಕೆ ಸೇರಿಸಬೇಕಾಯಿತು.

ಆ ತರಗತಿಯ ಟೀಚರು ಚೈತ್ರ ಎಂಬ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಮೇಜಿನ ಮೇಲೆ ಹಾಜರಿ ಪುಸ್ತಕ, ಬಾಗಿಲಲ್ಲಿ ಸಾಲಾಗಿ ನಿಂತ ತಂದೆತಾಯಿಗಳು. ರಜಿಯಾ ಚೀಲದಿಂದ ಔಷಧಿ ಬಾಟಲಿ ತೆಗೆದಿಟ್ಟಳು. ಡಾಕ್ಟರ ಚೀಟಿ ತೆಗೆದಿಟ್ಟಳು. ದಸ್ತಗೀರ್ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದ ಹಾಳೆ ತೆಗೆದಿಟ್ಟಳು: ಎಳ್ಳುಂಡೆ, ಚಿಗಳಿ, ಚಕ್ಕುಲಿ, ಕೋಡುಬಳೆ, ಎಳ್ಳು ಹಾಕಿದ ಬನ್ನು, ಬಿಸ್ಕತ್ತು. ಕೊನೆಯಲ್ಲಿ ಡಾಕ್ಟರ ಮನೆಯ ಫೋನ್ ನಂಬರು.

ಚೈತ್ರ ಹಾಳೆಯನ್ನು ಓದಿ ಮುಗುಳ್ನಕ್ಕಳು. ಒಳ್ಳೆಯ ನಗುವೇ. "ಆಯ್ತು ಕಣ್ರೀ, ನೋಡ್ಕೋತೀವಿ. ಆದ್ರೆ ಮಕ್ಕಳು ಬರ್ತ್‌ಡೇ ಅಂತ ಏನಾದ್ರೂ ತರ್ತಾ ಇರ್ತಾರೆ. ಒಂಚೂರು ತಿಂದ್ರೆ ಏನೂ ಆಗಲ್ಲ ಅಲ್ವಾ?"

ಬಾಗಿಲಲ್ಲಿ ಯಾರೋ ಕೆಮ್ಮಿ, ಬೇಗ ಮುಗಿಸಿ ಎಂದು ಸೂಚಿಸಿದರು. ಎರಡೂವರೆ ವರ್ಷದ ಎಲ್ಲ ಮಾತನ್ನೂ ಒಟ್ಟಿಗೆ ಹೇಳಿಬಿಡಬೇಕೆನಿಸಿತು ರಜಿಯಾಗೆ. ದನಿ ಏರಿದರೆ ಈ ಹುಡುಗಿಯೂ ಕೇಳುವುದಿಲ್ಲ ಎಂಬುದು ಮಾತ್ರ ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಗೋಡೆಯ ಪಕ್ಕದಲ್ಲಿದ್ದ ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಎಳೆದುಕೊಂಡು ಟೀಚರ ಮೇಜಿನ ಎದುರು ಕೂತಳು. ಮೊಣಕಾಲು ಎದೆಗೆ ಬಂದವು.

"ಆಗುತ್ತೆ ಟೀಚರ್," ಎಂದಳು. "ಏನಾಗುತ್ತೆ ಅಂತ ಹೇಳ್ತೀನಿ. ಆ ಪುಸ್ತಕ ಸ್ವಲ್ಪ ಮುಚ್ಚಿಡ್ತೀರಾ?"

ಚೈತ್ರ ಬಾಗಿಲ ಕಡೆ ನೋಡಿದಳು, ರಜಿಯಾಳ ಕಡೆ ನೋಡಿದಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು.